ಕಪ್ಪು ಪೇಂಟ್ ಬಳಿದರೆ ಸಾಲದೇ?

ಪ್ರಶ್ನೆ: ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಸೌರ ಉಷ್ಣ ವಿದ್ಯುತ್ ಸ್ಥಾವರದ ಕೊಳವೆಗಳಿಗೆ ಸಾದಾ ಕಪ್ಪು ಪೇಂಟ್ ಹೊಡೆದರೆ ಆಗದೇ? ವಿಶೇಷ ಲೇಪನ ಯಾಕೆ ಬೇಕು?

ಉತ್ತರ: ಕೆಲವು ಸ್ಥಾವರಗಳಲ್ಲಿ ಹೊಡೆದಿರುವುದು ನಿಜಕ್ಕೂ ಕಪ್ಪು ಪೇಂಟೇ. ಅದು ಎಲ್ಲಿ ಸಾಕಾಗುತ್ತದೆ, ಎಲ್ಲಿ ಸಾಕಾಗುವುದಿಲ್ಲ ಎಂಬುದರಲ್ಲಿ ಸ್ವಾರಸ್ಯವಿದೆ.

ಚಾವಣಿ ಮೇಲಿನ ಸೋಲಾರ್ ಪ್ಯಾನೆಲ್ ಬೆಳಕನ್ನು ನೇರವಾಗಿ ವಿದ್ಯುತ್ ಮಾಡುತ್ತದೆ. ಅದರ ಮಾತು ಇಲ್ಲಿ ಬೇಡ. ಸೌರ ಉಷ್ಣ ಸ್ಥಾವರದಲ್ಲಿ ಕನ್ನಡಿಗಳು ಬಿಸಿಲನ್ನು ಒಂದೆಡೆ ಕೂಡಿಸುತ್ತವೆ. ಆ ಶಾಖದಿಂದ ಎಣ್ಣೆಯೋ ಕರಗಿದ ಉಪ್ಪೋ ಕಾಯುತ್ತದೆ, ಅದರಿಂದ ಹಬೆ, ಹಬೆಯಿಂದ ಟರ್ಬೈನ್. ದೋಣಿಯಂತೆ ಬಾಗಿದ ಉದ್ದನೆಯ ಕನ್ನಡಿಗಳ ನಡುವೆ ಕೊಳವೆ ಹಾಯಿಸುವುದು ಒಂದು ಬಗೆ. ನೆಲದ ತುಂಬ ಹರಡಿದ ಸಾವಿರಾರು ಕನ್ನಡಿಗಳಿಂದ ಎತ್ತರದ ಗೋಪುರದ ತುದಿಗೆ ಬೆಳಕು ಹಾಯಿಸುವುದು ಇನ್ನೊಂದು.

ಮೊದಲು ಕಪ್ಪು ಉಳಿಯುತ್ತದೆಯೇ ಎಂದು ನೋಡೋಣ. ಉರಿಯುವ ಮೇಣದಬತ್ತಿಯ ಹಳದಿ ಜ್ವಾಲೆಗೆ ಹಳೆಯ ಚಮಚವೊಂದನ್ನು ಹಿಡಿಯಿರಿ, ಕ್ಷಣದಲ್ಲಿ ಮಸಿ ಕಟ್ಟುತ್ತದೆ. ಅದಕ್ಕಿಂತ ಕಪ್ಪು ಬೇಕೆಂದರೂ ಸುಲಭಕ್ಕೆ ಸಿಗದು. ಈಗ ಅದೇ ಜಾಗವನ್ನು ಗ್ಯಾಸ್ ಬರ್ನರಿನ ನೀಲಿ ಜ್ವಾಲೆಗೆ ಒಡ್ಡಿ. ಲೋಹ ಕೆಂಪಗಾಗುತ್ತಿದ್ದಂತೆ ಮಸಿ ಮಾಯ, ಬರಿ ಲೋಹ ಇಣುಕುತ್ತದೆ. ಮಸಿ ಎಂದರೆ ಇಂಗಾಲ. ಬಿಸಿ ಗಾಳಿಯಲ್ಲಿ ಅದು ಸುಟ್ಟು ಅನಿಲವಾಗಿ ಹೋಯಿತು. ಅಂಗಡಿಯ ಸಾಧಾರಣ ಕಪ್ಪು ಪೇಂಟಿನಲ್ಲಿ ಬಣ್ಣ ಕೊಡುವುದು ಹೆಚ್ಚಾಗಿ ಇಂಥದೇ ಇಂಗಾಲ, ಅದನ್ನು ಹಿಡಿದಿಡುವುದು ಅದಕ್ಕೂ ಮೊದಲೇ ಸುಡುವ ರಾಳ. ಹಾಗಾಗಿ ಸಾದಾ ಪೇಂಟ್ ಇಲ್ಲಿಗೇ ಹೊರಗಾಯಿತು.

ಶಾಖ ತಡೆಯುವ ಕಪ್ಪು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗಲೂ ಇನ್ನೊಂದು ತೊಡಕಿದೆ. ಯಾವ ತರಂಗದ ಬೆಳಕನ್ನು ಒಂದು ಮೇಲ್ಮೈ ಚೆನ್ನಾಗಿ ಹೀರುತ್ತದೋ ಅದೇ ತರಂಗದಲ್ಲಿ ಅದು ಚೆನ್ನಾಗಿ ಸೂಸುತ್ತದೆ ಕೂಡ. ಕಾದ ಕೊಳವೆ ಸುಮ್ಮನೆ ಕೂರುವುದಿಲ್ಲ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಶಾಖವನ್ನು ಹೊರಚೆಲ್ಲುತ್ತಲೇ ಇರುತ್ತದೆ. ಪೂರ್ತಿ ಕಪ್ಪಾದ ಮೇಲ್ಮೈ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚದರ ಮೀಟರಿಗೆ ಸುಮಾರು 0.9 ಕಿಲೋವಾಟ್ ಸೂಸಿದರೆ, 400 ಡಿಗ್ರಿಯಲ್ಲಿ 11.6, 750 ಡಿಗ್ರಿಯಲ್ಲಿ 62 ಕಿಲೋವಾಟ್. ಪರಮ ತಾಪಮಾನದ, ಎಂದರೆ ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಸಿಗುವ ತಾಪಮಾನದ, ನಾಲ್ಕನೇ ಘಾತ ಮಾಡುವ ಕೆಲಸ ಇದು.

ಈಗ ದೋಣಿ ಕನ್ನಡಿಯ ಲೆಕ್ಕ ನೋಡಿ. ಕನ್ನಡಿಯ ಅಗಲ ಆರು ಮೀಟರಿಗೆ ಚೂರು ಕಡಿಮೆ, ಕೊಳವೆಯ ವ್ಯಾಸ 7 ಸೆಂಟಿಮೀಟರ್, ಎಂದರೆ ಸುತ್ತಳತೆ 22. ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವಾಟ್ ಇರುವ ಬಿಸಿಲು ಇಪ್ಪತ್ತೈದು ಪಟ್ಟು ಸಾಂದ್ರವಾಗುತ್ತದೆ. ಕನ್ನಡಿಯಲ್ಲಿ ಸೋರಿದ್ದನ್ನೆಲ್ಲ ಕಳೆದರೆ ಕೊಳವೆಯ ಪ್ರತಿ ಚದರ ಮೀಟರಿಗೆ ಸಿಗುವುದು ಸುಮಾರು 20 ಕಿಲೋವಾಟ್. ಸುತ್ತ ಗಾಜಿನ ಕವಚವಿಲ್ಲ ಎಂದುಕೊಂಡರೆ, 400 ಡಿಗ್ರಿಯಲ್ಲಿ ಕಪ್ಪು ಪೇಂಟ್ ಅದರಲ್ಲಿ ಹತ್ತನ್ನು ವಾಪಸ್ ಚೆಲ್ಲಿಬಿಡುತ್ತದೆ. ತೂತಿನ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಪಾರಾಗುವ ದಾರಿಯನ್ನು ಸೂರ್ಯನೇ ಬಿಟ್ಟುಕೊಟ್ಟಿದ್ದಾನೆ. ಅವನ ಮೇಲ್ಮೈ ಸುಮಾರು 5,500 ಡಿಗ್ರಿ, ಬೆಳಕಿನ ಬಹುಪಾಲು 2.5 ಮೈಕ್ರಾನ್‌ಗಿಂತ ಗಿಡ್ಡ ತರಂಗಗಳಲ್ಲಿ ಬರುತ್ತದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). 400 ಡಿಗ್ರಿಯ ಕೊಳವೆ ಸೂಸುವುದು ಹೆಚ್ಚಾಗಿ 4 ಮೈಕ್ರಾನ್‌ನ ಆಚೀಚೆ ಮತ್ತು ಅದಕ್ಕೂ ಉದ್ದನೆಯ ತರಂಗಗಳಲ್ಲಿ. ಎರಡೂ ಒಂದರ ಮೇಲೊಂದು ಬೀಳುವುದು ಕಡಿಮೆ. ಅಂದರೆ ಬಿಸಿಲಿಗೆ ಕಪ್ಪಾಗಿಯೂ ಅವಕೆಂಪಿಗೆ ಕನ್ನಡಿಯಾಗಿಯೂ ಇರುವ ಮೇಲ್ಮೈ ಸಾಧ್ಯ. 1950ರ ದಶಕದಲ್ಲಿ ಇಸ್ರೇಲಿನ ವಿಜ್ಞಾನಿ ಹ್ಯಾರಿ ಟಾಬೋರ್ ಇಂಥ ಆಯ್ದು ಹೀರುವ ಮೇಲ್ಮೈಗಳನ್ನು ಬಳಕೆಗೆ ತಂದವರಲ್ಲಿ ಪ್ರಮುಖರು.

ಇವತ್ತಿನ ಕೊಳವೆಗಳಲ್ಲಿ ಅಡಿಗೆ ಅವಕೆಂಪನ್ನು ಪ್ರತಿಫಲಿಸುವ ಲೋಹದ ಪದರ, ಅದರ ಮೇಲೆ ಸೆರ್ಮೆಟ್, ಎಂದರೆ ಪಿಂಗಾಣಿಯಂಥ ಆಕ್ಸೈಡಿನೊಳಗೆ ಹುದುಗಿಸಿದ ಲೋಹದ ನ್ಯಾನೋ ಕಣಗಳು, ಎಲ್ಲಕ್ಕೂ ಮೇಲೆ ಬೆಳಕು ಹಿಂದಿರುಗದಂತೆ ತಡೆಯುವ ಸಿಲಿಕಾ ಇರುತ್ತವೆ. ಎಲ್ಲ ಸೇರಿ ಒಂದು ಮೈಕ್ರಾನ್ ದಪ್ಪವೂ ಇಲ್ಲ. ಆದರೂ ಬಿಸಿಲಿನ ಶೇ 95ರಷ್ಟನ್ನು ಹೀರಿ, ಸೂಸುವುದನ್ನು ಪೂರ್ಣ ಕಪ್ಪಿನ ಹತ್ತನೇ ಒಂದಕ್ಕೆ ಇಳಿಸುತ್ತದೆ. ಹತ್ತು ಕಿಲೋವಾಟ್ ನಷ್ಟ ಒಂದರ ಆಸುಪಾಸಿಗೆ ಬಂತು.

ಇಷ್ಟು ತೆಳು ಪದರ ಬಿಸಿ ಗಾಳಿಯನ್ನು ಬಹುಕಾಲ ತಡೆಯದು. ಅದಕ್ಕೇ ಕೊಳವೆಯ ಸುತ್ತ ಗಾಜು, ನಡುವೆ ನಿರ್ವಾತ. ಅನೇಕ ಕೊಳವೆಗಳ ಗಾಜಿನ ಒಳಮೈಯಲ್ಲಿ ಬೇರಿಯಂನ ಬೆಳ್ಳಿ ಹೊಳಪಿನ ಮಚ್ಚೆಯೊಂದು ಇರುತ್ತದೆ. ಗಾಳಿ ನುಗ್ಗಿದರೆ ಅದು ಬಿಳಿಚಿಕೊಳ್ಳುತ್ತದೆ. ಸಾಲುಗುಂಟ ನಡೆದು ಹೋಗುವ ಕೆಲಸಗಾರರಿಗೆ ಯಾವ ಕೊಳವೆ ಕೆಟ್ಟಿದೆ ಎಂದು ಉಪಕರಣವಿಲ್ಲದೆಯೇ ಗೊತ್ತಾಗುತ್ತದೆ. ನನಗೆ ಈ ಇಡೀ ತಂತ್ರಜ್ಞಾನದಲ್ಲಿ ತುಂಬ ಇಷ್ಟವಾದ ಉಪಾಯ ಇದೇ.

ಹಾಗಾದರೆ ಗೋಪುರಕ್ಕೂ ಇದನ್ನೇ ಬಳಿಯಬಹುದಲ್ಲ? ಅಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಗೋಪುರದ ತುದಿಗೆ ಬೀಳುವುದು ಚದರ ಮೀಟರಿಗೆ 20 ಕಿಲೋವಾಟ್ ಅಲ್ಲ, 600 ಎಂದಿಟ್ಟುಕೊಳ್ಳಿ, ಕೆಲವೆಡೆ ಸಾವಿರ. 600 ಡಿಗ್ರಿಯಲ್ಲಿ ಒಳ್ಳೆಯ ಕಪ್ಪು ಪೇಂಟ್ ಸೂಸಿ ಕಳೆಯುವುದು 29 ಕಿಲೋವಾಟ್. ನೂರಕ್ಕೆ ಐದೂ ಇಲ್ಲ. ಸೂಸುವಿಕೆಯನ್ನು ಅರ್ಧಕ್ಕಿಳಿಸಿದರೆ ಹದಿನಾಲ್ಕೋ ಹದಿನೈದೋ ಕಿಲೋವಾಟ್ ಉಳಿಯಿತು, ಸರಿ. ಆದರೆ ಆ ಜಾಣತನದಲ್ಲಿ ಹೀರುವಿಕೆ ಶೇ 96ರಿಂದ 93ಕ್ಕೆ ಇಳಿದರೆ 18 ಕಿಲೋವಾಟ್ ಹೋಯಿತು! ಹಾಗಾಗಿ ಇಲ್ಲಿ ಗೆಲ್ಲುವುದು ಗಾಢ ಕಪ್ಪು, ಬಯಲು ಗಾಳಿಯಲ್ಲೇ ವರ್ಷಗಟ್ಟಲೆ ಕಪ್ಪಾಗಿಯೇ ಉಳಿಯುವ ಕಪ್ಪು. (ಅಂಥ ಕಪ್ಪೂ ಮಧ್ಯಾಹ್ನ ದೂರದಿಂದ ಬೆಳ್ಳಗೆ ಧಗಧಗಿಸುತ್ತದೆ. ಆರುನೂರು ಸೂರ್ಯರ ಬೆಳಕಿನಲ್ಲಿ ಶೇ 4 ಹಿಂದಿರುಗಿದರೂ ಇಪ್ಪತ್ತನಾಲ್ಕು ಸೂರ್ಯರಾದರಲ್ಲ.)

ಬಹುಕಾಲದಿಂದ ಗೋಪುರಗಳಲ್ಲಿ ಮಾದರಿಯಾಗಿರುವುದು ಪೈರೋಮಾರ್ಕ್ 2500 ಎಂಬ ಸಿಲಿಕೋನ್ ಆಧಾರಿತ ಪೇಂಟ್. ಕ್ಯಾಲಿಫೋರ್ನಿಯಾದಲ್ಲಿ 1982ರಲ್ಲಿ ಶುರುವಾದ 10 ಮೆಗಾವಾಟಿನ ಸೋಲಾರ್ ಒನ್ ಗೋಪುರಕ್ಕೂ ಇದನ್ನೇ ಬಳಿದಿದ್ದರು. ಬಳಿದ ಮೇಲೆ ಹಂತಹಂತವಾಗಿ 500 ಡಿಗ್ರಿ ದಾಟಿಸಿ ಬೇಯಿಸಬೇಕು. ಆಗ ಸಿಲಿಕೋನಿನ ಇಂಗಾಲದ ಭಾಗ ಸುಟ್ಟು ಹೋಗಿ ಸಿಲಿಕಾದ ಜಾಲ ಉಳಿಯುತ್ತದೆ.

ಆಮೇಲೆ ಅದನ್ನು ಕೆಡಿಸುವುದು ಶಾಖಕ್ಕಿಂತಲೂ ಶಾಖದ ಏರಿಳಿತ. ಬೆಳಿಗ್ಗೆ ಕಾದು 600 ಡಿಗ್ರಿ ಮುಟ್ಟುವಾಗ ಒಂದು ಮೀಟರ್ ಲೋಹದ ಕೊಳವೆ ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ, ಮೇಲಿನ ಲೇಪನ ಅಷ್ಟು ಹಿಗ್ಗಲೊಲ್ಲದು. ಸಂಜೆ ಮತ್ತೆ ಕುಗ್ಗು. ಮೂವತ್ತು ವರ್ಷಕ್ಕೆ ಹತ್ತು ಸಾವಿರ ಸಲವಾಯಿತು, ನಡುವೆ ಹಾದುಹೋಗುವ ಮೋಡಗಳ ಲೆಕ್ಕ ಬೇರೆ. ಮೊದಲು ಕೂದಲೆಳೆಯ ಬಿರುಕು, ಅದರೊಳಗೆ ಗಾಳಿ, ಕೆಳಗಿನ ಲೋಹಕ್ಕೆ ತುಕ್ಕು, ಕೊನೆಗೆ ಚಕ್ಕೆ ಏಳುವುದು. ಮತ್ತೆ ಬಳಿಯಬೇಕೆಂದರೆ ಸ್ಥಾವರ ನಿಲ್ಲಿಸಿ ಗೋಪುರ ಹತ್ತಬೇಕು.

ಹಾಗಾಗಿ ಸಂಶೋಧಕರ ಕಣ್ಣು ಈಗ ಸ್ಪಿನೆಲ್ ಎಂಬ ಆಕ್ಸೈಡುಗಳ ಮೇಲೆ. ತಾಮ್ರ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್‌ಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಮಾಡುವ ಈ ಕಪ್ಪುಗಳ ಗುಟ್ಟು ಸರಳ: ಆಗಲೇ ಸುಟ್ಟು ಬೂದಿಯಾದದ್ದನ್ನು ಬೆಂಕಿ ಇನ್ನೇನು ಮಾಡೀತು? ಕರಗಿದ ನೈಟ್ರೇಟ್ ಉಪ್ಪಿನ ಈಗಿನ 565 ಡಿಗ್ರಿಯನ್ನು ದಾಟಿ 700 ಮೀರಿದ ಶಾಖದಲ್ಲಿ ದುಡಿಯುವ ಸ್ಥಾವರಗಳ ಯೋಚನೆ ನಡೆದಿರುವುದರಿಂದ ಈ ಹುಡುಕಾಟಕ್ಕೆ ಅವಸರವೂ ಇದೆ.

ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು ಇನ್ನೊಂದು ದಾರಿ ಹಿಡಿದಿದ್ದಾರೆ. ಕೊಳವೆಯೇ ಬೇಡವೆಂದು, ಮರಳಿನಂಥ ಕಪ್ಪು ಪಿಂಗಾಣಿ ಕಣಗಳನ್ನು ಪರದೆಯ ಹಾಗೆ ಮೇಲಿನಿಂದ ಸುರಿಸಿ, ಬೀಳುತ್ತಿರುವಾಗಲೇ ಬಿಸಿಲಿನಲ್ಲಿ ಕಾಯಿಸುತ್ತಾರೆ. ಅಲ್ಲಿ ಕಣದ ಮೈಯೇ ಕಪ್ಪು, ಬಳಿಯುವುದಕ್ಕೆ ಏನೂ ಇಲ್ಲ.