ಹೊಸ್ತಿಲಿನಾಚೆಗೂ ಮನೆಯಿದೆ

ಹಳೆಯ ಮನೆಯೊಂದನ್ನು ವಸ್ತುಸಂಗ್ರಹಾಲಯವಾಗಿ ಮಾಡಿದವರು ಸಲಹೆಗೆಂದು ನನ್ನನ್ನು ಕರೆಸಿಕೊಂಡಾಗ ಮೊದಲು ತೋರಿಸುವುದು ಮುಂಬಾಗಿಲ ಪಕ್ಕದ ರ‍್ಯಾಂಪನ್ನು. ‘ವಿಕಲಚೇತನರಿಗೆ ವ್ಯವಸ್ಥೆ ಮಾಡಿಬಿಟ್ಟಿದ್ದೇವೆ, ಸಾರ್’ ಎನ್ನುವಾಗ ಅವರ ದನಿಯಲ್ಲಿ ಕೆಲಸ ಮುಗಿದ ನಿರಾಳತೆ ಇರುತ್ತದೆ. ಕಟ್ಟಡ ಸಂರಕ್ಷಣೆಯ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೇಲೂ ಆ ಮಾತಿಗೆ ಸಮಾಧಾನದಿಂದ ಉತ್ತರಿಸುವುದನ್ನು ನಾನು ಕಲಿತಿಲ್ಲ. ಸುಮ್ಮನೆ ಚೀಲದಿಂದ ಟೇಪು ತೆಗೆಯುತ್ತೇನೆ.

ಲೆಕ್ಕ ಸರಳವಾದದ್ದು. ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿದ್ದರೆ ಒಟ್ಟು ಏರು 45 ಸೆಂ.ಮೀ. ಒಂದು ಅಳತೆ ಏರಲು ಹನ್ನೆರಡು ಅಳತೆ ಉದ್ದ ಬೇಕೆಂಬ, ಬಹಳ ಕಡೆ ಒಪ್ಪಿತವಾದ ಪ್ರಮಾಣದಂತೆ ಅದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ನಾನು ಕಾಣುವುದು ಹೆಚ್ಚಾಗಿ ಎರಡು ಮೀಟರಿನದು. ಅದು ರ‍್ಯಾಂಪಲ್ಲ, ಜಾರುಬಂಡೆ. ಅದನ್ನು ಹತ್ತಲು ಹೋದ ಗಾಲಿಕುರ್ಚಿ ಹಿಮ್ಮುಖವಾಗಿ ಮಗುಚಬಹುದು. ಇಳಿಯುವಾಗಂತೂ ಹಿಡಿದು ನಿಲ್ಲಿಸುವವರ ತೋಳಿನ ಶಕ್ತಿಯೇ ಗತಿ.

ಆದರೆ ನಾನು ಹೇಳಬೇಕಾಗಿರುವುದು ರ‍್ಯಾಂಪಿನ ವಿಷಯವಲ್ಲ. ರ‍್ಯಾಂಪ್ ಸರಿಯಾಗಿದ್ದೂ ಮನೆ ಮುಚ್ಚಿಕೊಂಡೇ ಇರಬಲ್ಲದು ಎಂಬುದನ್ನು ಎಷ್ಟು ಸಲ ವಿವರಿಸಿದರೂ ಸಭೆ ಮುಗಿಯುವ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ ಬರುತ್ತದೆ: ‘ರ‍್ಯಾಂಪ್ ಇದೆಯಲ್ಲ?’ ಒಮ್ಮೆ ಇಂಥದೇ ಮನೆಯಲ್ಲಿ, ತಪ್ಪು ಹುಡುಕಲಾಗದ ರ‍್ಯಾಂಪನ್ನು ತಾವೇ ಹತ್ತಿ ಬಂದ ವಯಸ್ಸಾದ ಮಹಿಳೆಯೊಬ್ಬರ ಗಾಲಿಕುರ್ಚಿ ಎರಡನೆಯ ಕೋಣೆಯ ಹೊಸ್ತಿಲಿನೆದುರು ನಿಂತಿತು. ಹೊಸ್ತಿಲಿನ ಎತ್ತರ ಆರು ಸೆಂ.ಮೀ.; ಅಲ್ಲಿ ದಿನವೂ ಓಡಾಡುವವರ ಕಣ್ಣಿಗೆ ಬೀಳದಷ್ಟು. ಕುರ್ಚಿಯ ಮುಂದಿನ ಪುಟ್ಟ ಗಾಲಿಗಳು ಅದಕ್ಕೆ ತಾಗಿ ಅಡ್ಡಡ್ಡ ತಿರುಗಿಕೊಂಡವು. ಸಿಬ್ಬಂದಿಯ ಇಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಓಡಿಬಂದು ಕೇಳದೆ ಕುರ್ಚಿಯ ತೋಳುಗಳಿಗೆ ಕೈಹಾಕಿ ಎತ್ತಿದರು. ಅವು ಕಳಚಿಡುವಂಥ ತೋಳುಗಳು. ಒಂದು ಕಿತ್ತು ಎತ್ತಿದವನ ಕೈಗೇ ಬಂತು. ‘ಎತ್ತಬೇಡಿಪ್ಪಾ, ಇಲ್ಲಿಂದಲೇ ನೋಡ್ತೀನಿ’ ಎಂದರು ಆಕೆ. ಅಲ್ಲಿಂದ ಕಾಣುತ್ತಿದ್ದುದು ಮಂಚದ ಎರಡು ಕಾಲುಗಳು ಮಾತ್ರ.

ಆದ್ದರಿಂದ ಅಳೆಯಬೇಕಾದದ್ದು ಬಾಗಿಲನ್ನಲ್ಲ, ದಾರಿಯನ್ನು. ವಾಹನದಿಂದ ಇಳಿಯುವ ಜಾಗದಿಂದ ಟಿಕೆಟ್ ಕೌಂಟರಿಗೆ, ಅಲ್ಲಿಂದ ಪ್ರತಿ ಕೋಣೆಗೆ, ಕೊನೆಗೆ ಶೌಚಾಲಯಕ್ಕೆ ಹೋಗಿ ಹಿಂತಿರುಗುವ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಒಂದು ಜಾಗ ಯಾವುದೋ ಅದೇ ಇಡೀ ಮನೆಯ ಅಳತೆ. ಬಾಗಿಲವಾಡದ ಒಳ ಅಗಲ ಕನಿಷ್ಠ 80 ಸೆಂ.ಮೀ. ಇರಬೇಕು, 90 ಇದ್ದರೆ ಲೇಸು. ಕುರ್ಚಿ ಪೂರ್ತಿ ತಿರುಗಲು 150 ಸೆಂ.ಮೀ. ವ್ಯಾಸದ ಬಯಲು ಬೇಕು. ಬಾಗಿಲಿನ ಪಡಿ, ಅಂದರೆ ತೆರೆದು ಮುಚ್ಚುವ ಹಲಗೆ, ತೆರೆದು ನಿಂತಾಗ ಅದರ ದಪ್ಪವೂ ಅಗಲದಲ್ಲಿ ಕಳೆಯುತ್ತದೆ ಎಂಬುದನ್ನು ನಕ್ಷೆ ನೋಡಿ ಲೆಕ್ಕ ಹಾಕುವವರು ಮರೆಯುತ್ತಾರೆ.

‘ಪಾರಂಪರಿಕ ಕಟ್ಟಡ, ಮುಟ್ಟುವ ಹಾಗಿಲ್ಲ’ ಎಂಬ ಉತ್ತರ ಅರ್ಧ ನಿಜ. ಹಳೆಯ ಮನೆಗೂ ಗಾಲಿಕುರ್ಚಿಗೂ ಆಗಿಬರುವುದಿಲ್ಲ ಎನ್ನುವವರಿಗೆ ನಾನು ಅಮೆರಿಕದ ಹೈಡ್ ಪಾರ್ಕಿನಲ್ಲಿರುವ, ಆ ದೇಶದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಮನೆಯನ್ನು ನೆನಪಿಸುತ್ತೇನೆ. 1921ರಲ್ಲಿ ಕಾಯಿಲೆ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ಅವರು ಆ ಮನೆಯಲ್ಲಿ ಪೆಟ್ಟಿಗೆಗಳನ್ನು ಸಾಗಿಸುವ ಲಿಫ್ಟಿನಲ್ಲಿ ಕುಳಿತು, ತಾವೇ ಹಗ್ಗ ಎಳೆದು ಮಹಡಿಗೆ ಹೋಗುತ್ತಿದ್ದರು. ಸಾಧಾರಣ ಕುರ್ಚಿಗೆ ಗಾಲಿ ಕಟ್ಟಿಸಿಕೊಂಡಿದ್ದರಿಂದ ಇಕ್ಕಟ್ಟಾದ ಬಾಗಿಲುಗಳಲ್ಲೂ ನುಸುಳುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಹತ್ತಿರದಲ್ಲೇ ತಮಗಾಗಿ ಕಟ್ಟಿಸಿಕೊಂಡ ಟಾಪ್ ಕಾಟೇಜಿನ ಬಾಗಿಲುಗಳಿಗೆ ಅವರು ಹೊಸ್ತಿಲನ್ನೇ ಇಡಿಸಲಿಲ್ಲ. ಏನು ಅಡ್ಡ ಬರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಟ್ಟದೆಯೂ ಮಾಡಬಹುದಾದದ್ದು ಬಹಳ ಇದೆ. ಆ ಆರು ಸೆಂ.ಮೀ. ಹೊಸ್ತಿಲಿನ ಎರಡೂ ಕಡೆ 72 ಸೆಂ.ಮೀ. ಉದ್ದದ ಇಳಿಜಾರು ಹಲಗೆಗಳನ್ನು, ಒಂದೂ ಮೊಳೆ ಹೊಡೆಯದೆ, ಅಡಿಗೆ ಜಾರದ ರಬ್ಬರು ಹಾಸಿ ಕೂರಿಸಬಹುದು. ಇಕ್ಕಟ್ಟಾದ ಬಾಗಿಲಿನ ಪಡಿಯನ್ನು ಕಳಚಿ, ಯಾವ ಬಾಗಿಲಿನದೆಂದು ಗುರುತು ಕಟ್ಟಿ, ಉಗ್ರಾಣದಲ್ಲಿಟ್ಟರೆ ಮುಂದೆ ಎಂದಾದರೂ ಮರಳಿ ಕೂರಿಸಬಹುದು. ಆದರೆ ಇದನ್ನು ಓದಿದವರು ನಾಳೆಯೇ ಬಡಗಿಯನ್ನು ಕರೆಸಬಾರದು. ವಿದ್ಯುತ್ ಗಾಲಿಕುರ್ಚಿಯೊಂದರ ತೂಕ ಕೂತವರೂ ಸೇರಿ ನೂರೈವತ್ತು ಕಿಲೋ ದಾಟುವುದುಂಟು, ಆ ಭಾರ ನಾಲ್ಕು ಬಿಂದುಗಳಲ್ಲಿ ಬೀಳುತ್ತದೆ. ಮರದ ನೆಲದ ತೊಲೆಗಳನ್ನು ರಚನಾ ಎಂಜಿನಿಯರೊಬ್ಬರು ನೋಡಿ ಹೇಳುವವರೆಗೆ ನಾನು ಕೂಡ ಬಾಯಿ ಬಿಡುವುದಿಲ್ಲ.

ದೃಷ್ಟಿ ಮಂದವಾದವರ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹಳೆಯ ಬಟ್ಟೆ, ಕಾಗದಗಳು ಮಾಸದಂತೆ ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಿಗೊಳಿಸುತ್ತೇವೆ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ), ಆ ಮಬ್ಬಿನಲ್ಲಿ ಕಂದು ಫಲಕದ ಮೇಲೆ ಚಿನ್ನದ ಬಣ್ಣದಲ್ಲಿ ಬರೆದದ್ದು ನನಗೇ ಕಾಣುವುದಿಲ್ಲ. ದೊಡ್ಡ ಅಕ್ಷರದ ವಿವರಣೆಯ ಹಾಳೆಗಳನ್ನು ಕೈಗೆ ಕೊಟ್ಟರೆ ಬೆಳಕಿರುವ ಕಡೆ ಓದಿಕೊಂಡು ಬರುತ್ತಾರೆ.

ಮಹಡಿಗೆ ದಾರಿ ಮಾಡಲು ಸಾಧ್ಯವೇ ಇಲ್ಲದ ಮನೆಗಳೂ ಇವೆ. ಅದನ್ನು ಟಿಕೆಟ್ ಕೊಳ್ಳುವ ಮೊದಲೇ, ಫೋನಿನಲ್ಲಿ ವಿಚಾರಿಸಿದವರಿಗೆ ಫೋನಿನಲ್ಲೇ, ಮೆಟ್ಟಿಲುಗಳೆಷ್ಟು, ಕೂರಲು ಜಾಗ ಎಲ್ಲಿ ಎಂಬ ವಿವರಗಳೊಡನೆ ಹೇಳಬೇಕು. ‘ಬನ್ನಿ, ನಮ್ಮ ಹುಡುಗರಿದ್ದಾರೆ’ ಎಂಬುದು ಮಾಹಿತಿಯಲ್ಲ.

ಆ ಹೊಸ್ತಿಲಿಗೆ ಹಲಗೆಗಳನ್ನು ಮಾಡಿಸಿದರು, ಚೆನ್ನಾಗಿಯೇ ಮಾಡಿಸಿದರು. ಕೆಲವು ತಿಂಗಳ ಮೇಲೆ ಹೋದಾಗ ಅವು ಅಲ್ಲಿರಲಿಲ್ಲ. ಸವೆಯಬಾರದೆಂದು ಉಗ್ರಾಣದಲ್ಲಿಟ್ಟಿದ್ದರು, ಬೀಗದ ಕೈ ಇದ್ದವರು ರಜೆಯ ಮೇಲಿದ್ದರು. ನನ್ನ ವರದಿಗೆ ಒಂದು ಸಾಲು ಸೇರಿಸಿದೆ: ಹಲಗೆಗಳು ಹೊಸ್ತಿಲಿಗೆ ಕೂಡಿಕೊಂಡೇ ಇರತಕ್ಕದ್ದು, ತೆಗೆಯುವುದಾದರೆ ನೆಲ ಒರೆಸುವಾಗ ಮಾತ್ರ.