ಫೋಟೋ ನಿಮ್ಮದು, ಮುಖ ಅವರದು

"ಫೋಟೋ ನಮ್ಮ ಹತ್ತಿರವೇ ಇದೆಯಲ್ಲ ಸರ್, ಮುಖ ಒಂದು ಕೂರಿಸಿ ಕೊಡಿ." ಈ ಮಾತು ಕೇಳದೆ ನನ್ನ ವಾರ ಮುಗಿಯುವುದಿಲ್ಲ. ಒಬ್ಬರ ಮುಖವನ್ನು ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಆ್ಯಪ್ ಬಳಸಿ ಇನ್ನೊಬ್ಬರ ಚಿತ್ರದ ಮೇಲೆ ಕೂರಿಸಿ ಜಾಹೀರಾತು ಮಾಡಿಕೊಡಿ ಎಂದು ಇದರ ಅರ್ಥ. ಗಂಜ್ ಮಾರುಕಟ್ಟೆಯ ದಾಲ್ ಮಿಲ್ ಮಾಲೀಕರು ಹೇಳುತ್ತಾರೆ, ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯವರು ಹೇಳುತ್ತಾರೆ, ಕೋಚಿಂಗ್ ಕೇಂದ್ರ ನಡೆಸುವ ಮೇಷ್ಟರೂ ಹೇಳುತ್ತಾರೆ. ಇವರಲ್ಲಿ ಕೆಟ್ಟವರು ಯಾರೂ ಇಲ್ಲ. ಬೇರೆಯವರ ಹೊಲದ ಒಂದು ಗೇಣು ಬದುವನ್ನೂ ಮುಟ್ಟದ ಮರ್ಯಾದಸ್ಥರು. ಆದರೆ ಮೊಬೈಲಿನಲ್ಲಿ ಒಬ್ಬರ ಫೋಟೋ ಇದ್ದರೆ ಆ ಮುಖವೂ ತಮ್ಮದೇ ಎಂದು ನಂಬಿಬಿಟ್ಟಿದ್ದಾರೆ. ಕಲಬುರಗಿಯಲ್ಲಿ ಜಾಹೀರಾತು ವಿನ್ಯಾಸ ಮತ್ತು ಸಣ್ಣ ವಿಡಿಯೊಗಳ ಕೆಲಸ ಮಾಡುವ ನನಗೆ ಇದೊಂದನ್ನೇ ಬಿಡಿಸಿ ಹೇಳಿ ಹೇಳಿ ಸಾಕಾಗಿದೆ.

ಯಾವ ಆ್ಯಪ್ ಒಳ್ಳೆಯದು, ಯಾವ ಗುಂಡಿ ಒತ್ತಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮನೆಯ ಮಕ್ಕಳನ್ನು ಕೇಳಿದರೆ ತೋರಿಸುತ್ತಾರೆ. ತಿಳಿಯಬೇಕಾದ ವಿಷಯ ಒಂದೇ. ಮುಖ ಬದಲಿಸಿದ ಪ್ರತಿಯೊಂದು ಚಿತ್ರದಲ್ಲೂ ಇಬ್ಬರು ಇರುತ್ತಾರೆ: ಮುಖ ಕೊಟ್ಟವರು ಒಬ್ಬರು, ಆ ಮುಖದ ಕೆಳಗೆ ದೇಹವಾಗಿ ನಿಂತವರು ಇನ್ನೊಬ್ಬರು. ಇಬ್ಬರನ್ನೂ ಕೇಳಬೇಕು. ಅದೂ ಈ ಜಾಹೀರಾತಿಗಾಗಿಯೇ ಕೇಳಬೇಕು. ಫೋಟೋ ತೆಗೆಯುವಾಗ ನಕ್ಕು ನಿಂತಿದ್ದರು ಎಂಬುದು ಒಪ್ಪಿಗೆಯಾಗುವುದಿಲ್ಲ.

"ಫೋಟೋಕ್ಕೆ ದುಡ್ಡು ಕೊಟ್ಟವನು ನಾನು" ಎನ್ನುವವರಿಗೆ ಕಾನೂನು ಅರ್ಧ ಬೆಂಬಲ ಕೊಡುತ್ತದೆ, ಗೊಂದಲ ಹುಟ್ಟುವುದೂ ಅಲ್ಲೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು. ಬೇರೆ ಕರಾರು ಇದ್ದರೆ ಮಾತ್ರ ಬೇರೆ ಮಾತು. ಮಗಳ ಮದುವೆಯ ಆಲ್ಬಮ್ಮಿನ ಹಕ್ಕು ನಿಮ್ಮದು, ಸ್ಟುಡಿಯೊದವರದಲ್ಲ. ಆದರೆ ಆ ಹಕ್ಕು ಚಿತ್ರದ ಮೇಲಿನದು. ಆಲ್ಬಮ್ಮಿನಲ್ಲಿ ಊಟಕ್ಕೆ ಕುಳಿತ ಬೀಗರ ಮುಖವನ್ನು ನಿಮ್ಮ ಕ್ಯಾಟರಿಂಗ್ ಜಾಹೀರಾತಿಗೆ ಹಾಕುವ ಹಕ್ಕು ಅದರಿಂದ ಬರುವುದಿಲ್ಲ. ಒಬ್ಬರ ಹೆಸರನ್ನೋ ರೂಪವನ್ನೋ ಅವರ ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆಯಾಗಬಹುದು ಎಂದು ಸುಪ್ರೀಂ ಕೋರ್ಟ್ 1994ರ ರಾಜಗೋಪಾಲ್ ಪ್ರಕರಣದಲ್ಲೇ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಾಗ ಆ ಪ್ರಕರಣದ ಅರ್ಜಿದಾರರಾಗಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಾನು ವಕೀಲನಲ್ಲ. ನಿಮ್ಮ ಪ್ರಕರಣಕ್ಕೆ ಯಾವ ಸೆಕ್ಷನ್ ಹೇಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರನ್ನೇ ಕೇಳಿ. ನಮ್ಮ ಊರಿನಲ್ಲೇ ಹೈಕೋರ್ಟ್ ಪೀಠ ಇರುವಾಗ ಅವರಿಗೇನೂ ಕೊರತೆಯಿಲ್ಲ.

ದಾಲ್ ಮಿಲ್ಲಿನ ಒಂದು ಸಂಗತಿ ಹೇಳುತ್ತೇನೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ, ಇದು ಈ ನೆಲದ್ದೇ ಸರಕು ಎಂಬ ಗುರುತು) ಮಾನ್ಯತೆ ಬಂದ ಮೇಲೆ ಪ್ಯಾಕೆಟ್ಟಿನ ಮೇಲೆ ನಮ್ಮ ಮಣ್ಣಿನ ಗುರುತು ಬೇಕು ಎಂಬ ಆಸೆ ಅನೇಕ ಮಾಲೀಕರಿಗೆ ಹುಟ್ಟಿದೆ, ಒಳ್ಳೆಯ ಆಸೆಯೇ. ಒಬ್ಬರು ತಮ್ಮ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಹೆಂಗಸಿನ ಫೋಟೋ ತಂದರು. ಆಯುಧಪೂಜೆಯ ದಿನ ತೆಗೆದದ್ದು. ಅಗಲ ಹಣೆ, ಮೂಗುಬೊಟ್ಟು, ತುಂಬು ನಗು. ಅಂತರ್ಜಾಲದಿಂದ ಇಳಿಸಿಕೊಂಡ ಯಾವುದೋ ರೂಪದರ್ಶಿಯ ಚಿತ್ರವೂ ಜೊತೆಗಿತ್ತು: ಹಸಿರು ಹೊಲ, ರೇಷ್ಮೆ ಸೀರೆ, ಕೈಯಲ್ಲಿ ಬುಟ್ಟಿ. ಮಿಲ್ಲಿನ ಹೆಂಗಸಿನ ಮುಖವನ್ನು ಆ ರೂಪದರ್ಶಿಯ ಮೈಮೇಲೆ ಕೂರಿಸಬೇಕು.

"ಸಾಹುಕಾರರೇ, ಆ ಅಕ್ಕನನ್ನು ಕೇಳಿದ್ದೀರಾ?" ಎಂದೆ.

"ನಮ್ಮಲ್ಲೇ ಕೆಲಸ ಮಾಡುವವಳು, ಬೇಡ ಎನ್ನುತ್ತಾಳೆಯೇ?"

ಬೇಡ ಎನ್ನಲಾರಳು, ನಿಜ. ಕೂಲಿ ಕೊಡುವವರಿಗೆ ಬೇಡ ಎನ್ನುವುದು ಎಷ್ಟು ಕಷ್ಟ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅದಕ್ಕಾಗಿಯೇ ಅಲ್ಲಿ ಇನ್ನಷ್ಟು ನಿಧಾನವಾಗಿ ಕೇಳಬೇಕು. ಮಾಲೀಕರು ಎದುರಿಗೆ ಇಲ್ಲದಾಗ, ಮನೆಯವರೊಡನೆ ಮಾತಾಡಿಕೊಳ್ಳಲು ಸಮಯ ಕೊಟ್ಟು ಕೇಳಬೇಕು. ಇನ್ನು ಆ ರೂಪದರ್ಶಿ? ಆಕೆಯ ಬಗ್ಗೆ ಸಾಹುಕಾರರು ಯೋಚಿಸಿಯೇ ಇರಲಿಲ್ಲ. "ಮುಖ ತೆಗೆದುಬಿಡುತ್ತೇವಲ್ಲ, ಆಕೆ ಎಲ್ಲಿ ಉಳಿದಳು?" ಎಂದರು. ಉಳಿದಿದ್ದಾಳೆ. ಅವಳ ಕೈ, ನಿಲುವು, ಅವಳು ಕೂಲಿಗೆ ನಿಂತ ದಿನದ ಶ್ರಮ ಎಲ್ಲವೂ ಅಲ್ಲೇ ಇದೆ. ಆ ಚಿತ್ರಕ್ಕೆ ಹಣ ಕೊಟ್ಟ ಕಂಪನಿಯ ಹಕ್ಕೂ ಇದೆ. ಹಣ ಕೊಟ್ಟು ಸ್ಟಾಕ್ ಫೋಟೋ (ಬಳಕೆಗೆಂದು ಮಾರುವ ಸಿದ್ಧ ಚಿತ್ರ) ತಂದರೂ ಪರವಾನಗಿಯ ಷರತ್ತು ಓದದೆ ಮುಖ ಬದಲಿಸಬೇಡಿ. ಸುದ್ದಿ ಬಳಕೆಗೆ ಮಾತ್ರ ಎಂದು ಕೊಟ್ಟ ಚಿತ್ರಗಳನ್ನು ಜಾಹೀರಾತಿಗೆ ಮುಟ್ಟುವಂತೆಯೇ ಇಲ್ಲ.

ಕೊನೆಗೆ ಆ ಅಕ್ಕ ಒಪ್ಪಿದರು, ನಾವು ಕ್ಯಾಮೆರಾ ಹೊತ್ತು ಮಿಲ್ಲಿಗೇ ಹೋದೆವು, ಮುಖ ಬದಲಿಸುವ ಪ್ರಮೇಯವೇ ಬರಲಿಲ್ಲ. ಅರ್ಧ ದಿನದ ಕೆಲಸ. ಆ ದಿನದ ಪೂರ್ತಿ ಕೂಲಿ ಮತ್ತು ಅದರ ಮೇಲೆ ಚಿತ್ರಕ್ಕೆ ಬೇರೆ ಹಣ ಕೊಡಬೇಕೆಂದು ಒಪ್ಪಿಗೆ ಪತ್ರದಲ್ಲೇ ಬರೆಸಿದೆ. ಸಾಹುಕಾರರು ಮರುಮಾತಿಲ್ಲದೆ ಕೊಟ್ಟರು. ಕೇಳಿದರೆ ಕೊಡುವ ಜನ ನಮ್ಮವರು. ಕೇಳಬೇಕು ಎಂಬುದೇ ಹೊಳೆಯುವುದಿಲ್ಲ, ಅಷ್ಟೇ ನನ್ನ ಸಂಕಟ.

ಇಬ್ಬರು ಇರುತ್ತಾರೆ ಎಂಬುದನ್ನು ನಂಬದವರಿಗೆ 2023ರ ನವೆಂಬರ್ ನೆನಪಿಸುತ್ತೇನೆ. ಕೊಡಗಿನ ರಶ್ಮಿಕಾ ಮಂದಣ್ಣ ಲಿಫ್ಟಿನೊಳಗೆ ಬರುವಂತೆ ಕಾಣುವ ನಕಲಿ ವಿಡಿಯೊ ದೇಶವೆಲ್ಲ ಓಡಾಡಿತು. ರಶ್ಮಿಕಾ ಅವರಿಗಾದ ಅನ್ಯಾಯದ ಬಗ್ಗೆ ಎಲ್ಲರೂ ಮಾತಾಡಿದರು, ಮಾತಾಡಲೇಬೇಕಿತ್ತು. ಆದರೆ ಮೂಲ ವಿಡಿಯೊ ಬ್ರಿಟನ್ನಿನಲ್ಲಿರುವ ಭಾರತೀಯ ಮೂಲದ ಇನ್ನೊಬ್ಬ ಯುವತಿಯದು. ತನಗೂ ಇದಕ್ಕೂ ಸಂಬಂಧವಿಲ್ಲ, ಮನಸ್ಸು ಕದಡಿದೆ ಎಂದು ಆಕೆಯೂ ಹೇಳಿಕೊಳ್ಳಬೇಕಾಯಿತು. ಒಂದು ವಿಡಿಯೊ, ನೊಂದವರು ಇಬ್ಬರು. ಅದು ದುರುದ್ದೇಶದ ಕೆಲಸ, ನಿಮ್ಮದು ಬೇಳೆ ಮಾರುವ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಕೇಳದೆ ಬಳಸಿದ್ದು ಮಾತ್ರ ಎರಡರಲ್ಲೂ ಒಂದೇ.

ಈ ಹಂತದಲ್ಲಿ ತಪ್ಪದೆ ಬರುವ ಪ್ರಶ್ನೆ: "ಶಾರುಖ್ ಖಾನ್ ಕಿರಾಣಿ ಅಂಗಡಿಗೆಲ್ಲ ಜಾಹೀರಾತು ಕೊಟ್ಟಿದ್ದರಲ್ಲ ಸರ್?" ಕೊಟ್ಟಿದ್ದರು. 2021ರ ದೀಪಾವಳಿಗೆ ಕ್ಯಾಡ್‌ಬರಿ ಆ ಪ್ರಚಾರ ಮಾಡಿತು. ಎಐ ಬಳಸಿ ಅವರ ಬಾಯಿಯಿಂದ ಸಣ್ಣ ಅಂಗಡಿಗಳ ಹೆಸರು ಹೇಳಿಸಲಾಯಿತು. ಆದರೆ ಅದರ ಬುಡದಲ್ಲಿ ಅವರದೇ ಒಪ್ಪಿಗೆ ಇತ್ತು, ಆ ಪ್ರಚಾರದ ಚೌಕಟ್ಟಿನೊಳಗೆ ಮಾತ್ರ. ಅದನ್ನು ನೋಡಿ ನೀವು ಅವರ ಮುಖವನ್ನು ನಿಮ್ಮ ಅಂಗಡಿಯ ಉದ್ಘಾಟನೆಯ ಫ್ಲೆಕ್ಸಿಗೆ ಹಾಕಲಾಗದು. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಹೆಸರು, ದನಿ, ರೂಪ ಬಳಸದಂತೆ ಆದೇಶ ತಂದಿದ್ದಾರೆ.

ಚಿತ್ರನಟರ ವಿಷಯ ಹೇಳಿದರೆ ಜನ ಬೇಗ ಒಪ್ಪುತ್ತಾರೆ, ನೋಟಿಸಿನ ಭಯ. ನನಗೆ ಚಿಂತೆ ನೋಟಿಸ್ ಕಳಿಸಲಾರದವರದು.

ಜೇವರ್ಗಿ ಕಡೆಯ ಒಬ್ಬ ರೈತರು ಮಗನ ಚಿತ್ರವಿದ್ದ ಫ್ಲೆಕ್ಸಿನ ಫೋಟೋ ಹಿಡಿದು ನನ್ನ ಬಳಿ ಬಂದರು. ನಾನು ಮಾಡಿದ್ದಲ್ಲ, ಯಾರು ಮಾಡಿದರೆಂಬುದು ಇಲ್ಲಿ ಬೇಡ. ಹುಡುಗ ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದಿದ್ದ. ಕೋಚಿಂಗ್‌ನವರ ಹತ್ತಿರ ಅವನ ಗುರುತಿನ ಚೀಟಿಯ ಫೋಟೋ ಮಾತ್ರ ಇತ್ತು. ಅದನ್ನು ಬಿಳಿ ಕೋಟು, ಸ್ಟೆತಸ್ಕೋಪ್ ಹಾಕಿದ ಯಾರದೋ ಮೈಮೇಲೆ ಕೂರಿಸಿದ್ದರು. ಬಣ್ಣ ತಿಳಿಯಾಗಿತ್ತು, ಚಿಗುರು ಮೀಸೆ ಹೋಗಿತ್ತು, ಹಣೆಯ ವಿಭೂತಿ ಮಾಯವಾಗಿತ್ತು. "ನಮ್ಮ ಹುಡುಗನೇ ಹೌದೋ ಅಲ್ಲವೋ ಎಂದು ಅವನ ತಾಯಿ ಕೇಳುತ್ತಿದ್ದಾಳೆ" ಎಂದರು. ಅವರಿಗೆ ಸಿಟ್ಟಿರಲಿಲ್ಲ, ಬೇಸರವಿತ್ತು. ಸೀಟು ಇನ್ನೂ ಸಿಕ್ಕಿರಲಿಲ್ಲ, ಊರಿನವರು ಆಗಲೇ ಡಾಕ್ಟರ್ ಎಂದು ಕರೆಯತೊಡಗಿದ್ದರು. ಕೌನ್ಸೆಲಿಂಗ್‌ನಲ್ಲಿ ಸಿಗದಿದ್ದರೆ ಮುಖ ಎತ್ತಿ ತಿರುಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ಕೋಚಿಂಗ್ ಕೇಂದ್ರದವರು ದಯವಿಟ್ಟು ಗಮನಿಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ನಿಮ್ಮ ಕ್ಷೇತ್ರಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಹೆಸರು, ಫೋಟೋ ಬಳಸಲು ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಪಡೆಯಬೇಕಾದದ್ದು ಆತ ಯಶಸ್ವಿಯಾದ ಮೇಲೆ. ಪ್ರವೇಶದ ದಿನ ಅರ್ಜಿಯ ಹಿಂದೆ ಸಣ್ಣಕ್ಷರದಲ್ಲಿ ಹಾಕಿಸಿಕೊಂಡ ಸಹಿ ನಡೆಯುವುದಿಲ್ಲ. ಆತ ಯಾವ ಕೋರ್ಸ್ ಎಷ್ಟು ಅವಧಿಗೆ ಓದಿದ ಎಂಬುದನ್ನೂ ತಿಳಿಸಬೇಕು. ಹದಿನೆಂಟು ತುಂಬದ ಮಕ್ಕಳಾದರೆ ತಂದೆತಾಯಿಯ ಸಹಿಯಿಲ್ಲದೆ ನಾನು ಫೈಲನ್ನೇ ತೆರೆಯುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮೊದಲ ಸಲ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಆ ಹುಡುಗನ ಹಣೆಯ ವಿಭೂತಿ ಹೋದದ್ದು ಏಕೆ ಎಂಬುದಕ್ಕೆ ತಾಂತ್ರಿಕ ಕಾರಣವಿದೆ. ಈ ಉಪಕರಣಗಳು ಸಾಮಾನ್ಯವಾಗಿ ಹುಬ್ಬಿನಿಂದ ಗಲ್ಲದವರೆಗಿನ ಭಾಗವನ್ನಷ್ಟೇ ಬದಲಿಸುತ್ತವೆ. ಕೂದಲು, ಕಿವಿ, ಹಣೆಯ ಮೇಲ್ಭಾಗ, ಮುಖದ ಹೊರಗೆರೆ ಕೆಳಗಿನ ವ್ಯಕ್ತಿಯದೇ ಉಳಿಯುತ್ತದೆ. ಹಾಗಾಗಿ ವಿಭೂತಿ, ಕುಂಕುಮ, ತಲೆ ಮೇಲಿನ ಸೆರಗು, ಟೋಪಿ, ರುಮಾಲು ಯಾವುದೂ ಮುಖದ ಜೊತೆ ಬರುವುದಿಲ್ಲ. ಶರಣಬಸವೇಶ್ವರರ ಜಾತ್ರೆಯೂ ಬಂದೇ ನವಾಜರ ಉರುಸೂ ನಡೆಯುವ ಊರಿನಲ್ಲಿ ಇವು ಅಲಂಕಾರವಲ್ಲ, ಆ ಮನುಷ್ಯ ಯಾರು ಎಂದು ಹೇಳುವ ಗುರುತುಗಳು. ಸದಾ ಸೆರಗು ಹೊದ್ದಿರುವ ತಾಯಿಯನ್ನು ಬರಿದಲೆಯಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಿಸಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಆ್ಯಪ್ ಯೋಚಿಸುವುದಿಲ್ಲ, ನಾವು ಯೋಚಿಸಬೇಕು.

ಅಳತೆಯ ಮಾತೂ ಇದೆ. ಉಚಿತ ಉಪಕರಣಗಳಲ್ಲಿ ಬಹಳ ಬಳಕೆಯಲ್ಲಿರುವ ಇನ್‌ಸ್ವಾಪರ್ ಎಂಬ ಎಐ ಮಾದರಿ ತಯಾರಿಸುವ ಮುಖ 128 ಪಿಕ್ಸೆಲ್ (ಚಿತ್ರದ ಚುಕ್ಕೆ) ಅಗಲ, 128 ಪಿಕ್ಸೆಲ್ ಎತ್ತರದ್ದು. ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ಅದನ್ನೇ ಫ್ಲೆಕ್ಸಿನಲ್ಲಿ ಮೂರು ಅಡಿಗೆ ಹಿಗ್ಗಿಸಿದರೆ ಒಂದೊಂದು ಚುಕ್ಕೆ ಸುಮಾರು 7 ಮಿಲಿಮೀಟರ್ ಆಗುತ್ತದೆ. ಮಬ್ಬು ಹೋಗಲೆಂದು ಇನ್ನೊಂದು ಎಐ ಉಪಕರಣಕ್ಕೆ ಕೊಡುತ್ತಾರೆ. ಅದು ಇಲ್ಲದ ಹಲ್ಲು, ಇಲ್ಲದ ಕಣ್ಣಿನ ಹೊಳಪು, ಇಲ್ಲದ ನುಣುಪನ್ನು ತಾನೇ ಊಹಿಸಿ ತುಂಬುತ್ತದೆ. ಇನ್ನೊಂದು ಮುಖ್ಯ ಸಂಗತಿ: ಆ ಮಾದರಿಯನ್ನು ಕೊಟ್ಟಿರುವುದೇ ವಾಣಿಜ್ಯೇತರ ಸಂಶೋಧನೆಗೆ. ಉಚಿತವಾಗಿ ಸಿಕ್ಕಿತೆಂದು ಅಂಗಡಿಯ ಜಾಹೀರಾತಿಗೆ ಬಳಸಿದರೆ ಅಲ್ಲೂ ಪರವಾನಗಿ ಮುರಿದಂತೆ. ನನ್ನ ವೃತ್ತಿಬಾಂಧವರಲ್ಲೇ ಅನೇಕರು ಇದನ್ನು ಓದಿಲ್ಲ.

ಹಾಗೆಂದು ಈ ವಿದ್ಯೆಯನ್ನು ದೂರ ಇಡಿ ಎನ್ನುತ್ತಿಲ್ಲ. ರಷ್ಯಾದ ಚೆಚೆನ್ಯಾದಲ್ಲಿ ಕಿರುಕುಳಕ್ಕೊಳಗಾದ ಸಲಿಂಗಿಗಳ ಕುರಿತು 2020ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ, ಪ್ರಾಣಭಯದಲ್ಲಿದ್ದವರ ಮುಖದ ಮೇಲೆ ಸ್ವಯಂಸೇವಕರು ತಾವಾಗಿ ಕೊಟ್ಟ ಮುಖಗಳನ್ನು ಕೂರಿಸಿದ್ದರು. ಕಪ್ಪು ಪಟ್ಟಿ ಹಾಕಿದ್ದರೆ ಕಣ್ಣೀರೂ ಮುಚ್ಚಿಹೋಗುತ್ತಿತ್ತು; ಇಲ್ಲಿ ಭಾವನೆ ಉಳಿಯಿತು, ಗುರುತು ಅಡಗಿತು. ಗಂಡನಿಂದ ಹೊಡೆತ ತಿಂದ ಹೆಣ್ಣುಮಕ್ಕಳ ಮಾತನ್ನು ದಾಖಲಿಸುವ ಸಂಸ್ಥೆಗಳು ನಮ್ಮ ಜಿಲ್ಲೆಗಳಲ್ಲೂ ಇವೆ. ಅವರು ಕೇಳಿದರೆ ಈ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.

ತೀರಿಕೊಂಡ ತಂದೆಯ ಮುಖವನ್ನು ಮಗಳ ಮದುವೆಯ ಫೋಟೋಕ್ಕೆ ತರಿಸಿಕೊಳ್ಳಲು ಬರುವವರೂ ಇದ್ದಾರೆ. ಅವರಿಗೆ ಇಲ್ಲ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಸತ್ತವರ ರೂಪದ ಹಕ್ಕು ವಾರಸುದಾರರಿಗೆ ಬರುವುದಿಲ್ಲ ಎಂಬ ಅಭಿಪ್ರಾಯವನ್ನು ದೆಹಲಿ ಹೈಕೋರ್ಟ್ 2023ರಲ್ಲಿ ವ್ಯಕ್ತಪಡಿಸಿದೆ. ಆದರೂ ಕಾನೂನು ಬಿಟ್ಟಿದೆಯೆಂದು ನಾನು ಬಿಡುವುದಿಲ್ಲ. ತಾಯಿ ಇದ್ದರೆ ತಾಯಿಯನ್ನು, ಅಣ್ಣತಮ್ಮ ಅಕ್ಕತಂಗಿಯರನ್ನು ಕೇಳಿ ಬನ್ನಿ ಎನ್ನುತ್ತೇನೆ. ಒಬ್ಬರಿಗೆ ಸಮಾಧಾನ ಕೊಡುವ ಚಿತ್ರ ಇನ್ನೊಬ್ಬರಿಗೆ ಸಹಿಸಲಾಗದ್ದಾಗಿರಬಹುದು.

ಒಪ್ಪಿಗೆ ಪತ್ರ ಒಂದು ಪುಟ ಸಾಕು, ಕನ್ನಡದಲ್ಲೇ ಇರಲಿ. ಉರ್ದು ಬಲ್ಲವರಿಗೆ ಉರ್ದುವಿನಲ್ಲಿ ಓದಿ ಹೇಳಿ. ಯಾವ ಫೋಟೋ, ಯಾವ ಸರಕು, ಫ್ಲೆಕ್ಸಿಗೋ ವಾಟ್ಸ್‌ಆ್ಯಪಿಗೋ ಎರಡಕ್ಕೋ, ಯಾವ ತಿಂಗಳವರೆಗೆ, ಬಟ್ಟೆ ವಯಸ್ಸು ದನಿ ಬದಲಿಸುತ್ತೇವೆಯೇ, ಎಷ್ಟು ಹಣ, ಬೇಡವೆನಿಸಿದರೆ ಯಾರಿಗೆ ಹೇಳಬೇಕು ಎಂಬಿಷ್ಟು ಬರೆಯಿರಿ. ಹೆಬ್ಬೆಟ್ಟು ಒತ್ತುವವರಾದರೆ ಓದಿ ಹೇಳಿದವರ ಸಹಿಯೂ ಬೇಕು. ಮುದ್ರಣಕ್ಕೆ ಮೊದಲು ಅಂತಿಮ ಚಿತ್ರವನ್ನು ಅವರಿಗೆ ತೋರಿಸಲೇಬೇಕು, ಒಪ್ಪಿಗೆ ಪೂರ್ತಿಯಾಗುವುದು ಆಗಲೇ. ಜಾಲತಾಣಕ್ಕೆ ಹಾಕುವುದಾದರೆ ಎಐ ಬಳಸಿದ್ದೇವೆ ಎಂದು ಕಣ್ಣಿಗೆ ಕಾಣುವಂತೆ ಬರೆಯಿರಿ. ಸರ್ಕಾರದ ಐಟಿ ನಿಯಮಗಳು ಕೃತಕವಾಗಿ ಸೃಷ್ಟಿಸಿದ ದೃಶ್ಯಗಳಿಗೆ ಗುರುತು ಹಾಕುವ ದಿಕ್ಕಿನಲ್ಲೇ ಬಿಗಿಯಾಗುತ್ತಿವೆ.

ಜಿಲ್ಲೆಯ ವಿನ್ಯಾಸಕಾರ ಗೆಳೆಯರಿಗೆ ಒಂದು ಮಾತು. ಮೂಲ ಫೋಟೋ, ಬದಲಿಸಿದ ಫೈಲ್, ಸಹಿಯಾದ ಪತ್ರ ಮೂರನ್ನೂ ಒಂದೇ ಫೋಲ್ಡರಿನಲ್ಲಿ ದಿನಾಂಕದೊಡನೆ ಇಡಿ, ಕೆಲಸ ಮುಗಿದ ಮೇಲೆ ಆ್ಯಪಿನ ಖಾತೆಗೆ ಏರಿಸಿದ ಮುಖಗಳನ್ನು ಅಳಿಸಿ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬ ಭಯದಿಂದಲೇ ನಮ್ಮಲ್ಲಿ ಹೆಚ್ಚಿನವರು ಪತ್ರ ಕೇಳುವುದಿಲ್ಲ. ಪಕ್ಕದ ಅಂಗಡಿಯವರೂ ಅದೇ ಪತ್ರ ಕೇಳಿದರೆ ಆ ಭಯ ಇರುವುದಿಲ್ಲ. ನಾನು ಬಳಸುವ ಪತ್ರದ ನಮೂನೆಯನ್ನು ವಕೀಲರೊಬ್ಬರು ತಿದ್ದಿಕೊಟ್ಟಿದ್ದಾರೆ. ಬೀದರ್, ಯಾದಗಿರಿಯವರೂ ಸೇರಿ ಯಾರು ಬಂದು ಕೇಳಿದರೂ ಅದರ ಪ್ರತಿ ಕೊಡುತ್ತೇನೆ, ಹಣ ಬೇಡ.