ಡ್ರಿಪ್ ಹಾಕಿಸಿಕೊಂಡ ಮೂರನೆಯ ದಿನದ ಹಿಮೋಗ್ಲೋಬಿನ್

ರಕ್ತನಾಳದ ಮೂಲಕ ಕಬ್ಬಿಣಾಂಶ ಪಡೆದವರಲ್ಲಿ ಅನೇಕರು ಮೂರನೆಯ ಅಥವಾ ನಾಲ್ಕನೆಯ ದಿನವೇ ತಾವಾಗಿ ಲ್ಯಾಬಿಗೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು, ಅಂಕಿ ಕದಲಿಲ್ಲವೆಂಬ ಕಳವಳದಿಂದ ಮರಳಿ ಬರುತ್ತಾರೆ. 8 ಇದ್ದದ್ದು 8ರಲ್ಲೇ ನಿಂತಿದೆ, ಕೆಲವೊಮ್ಮೆ 7.8ಕ್ಕೆ ಇಳಿದಿದೆ, ಔಷಧ ಹಿಡಿಯಲಿಲ್ಲ, ಇನ್ನೊಂದು ಬಾಟಲಿ ಹಾಕಿ, ಇಲ್ಲವೇ ರಕ್ತವನ್ನೇ ಕೊಟ್ಟುಬಿಡಿ ಎಂಬುದು ಅವರ ಕೋರಿಕೆ. ಮಾತ್ರೆ ಯಾರಿಗೆ, ಡ್ರಿಪ್ ಯಾರಿಗೆ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಮಾತ್ರೆಯನ್ನು ಸಹಿಸಲಾಗದವರು, ಕರುಳು ಕಬ್ಬಿಣವನ್ನು ಹೀರಿಕೊಳ್ಳದವರು, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಿರುವವರು, ಹೆರಿಗೆಗೆ ಹೆಚ್ಚು ಸಮಯ ಉಳಿಯದ ಗರ್ಭಿಣಿಯರು, ಇಂಥವರಿಗೆ ಡ್ರಿಪ್ ಒಳ್ಳೆಯ ಚಿಕಿತ್ಸೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಡ್ರಿಪ್ ಹಾಕಿಸಿಕೊಂಡ ಮೇಲೆ ಯಾವ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕು ಎಂಬುದಷ್ಟೇ ಇಂದಿನ ವಿಷಯ.

ಡ್ರಿಪ್ಪಿನ ಕಂದು ದ್ರಾವಣದಲ್ಲಿ ಒಂದೇ ಒಂದು ರಕ್ತಕಣವೂ ಇರುವುದಿಲ್ಲ. ಅದರಲ್ಲಿರುವುದು ಸಕ್ಕರೆಯ ಜಾತಿಯ ಅಣುಗಳ ಹೊದಿಕೆಯೊಳಗೆ ಕುಳಿತಿರುವ ಕಬ್ಬಿಣ. ಅದು ರಕ್ತನಾಳವನ್ನು ಸೇರಿದ ಕೂಡಲೇ ಹಿಮೋಗ್ಲೋಬಿನ್ ಆಗುವುದಿಲ್ಲ. ಮೊದಲು ಯಕೃತ್ತು, ಗುಲ್ಮ ಮತ್ತು ಅಸ್ಥಿಮಜ್ಜೆಯಲ್ಲಿರುವ ಭಕ್ಷಕ ಕೋಶಗಳು ಆ ಕಣಗಳನ್ನು ನುಂಗಿ, ಹೊದಿಕೆಯನ್ನು ಬಿಡಿಸಿ, ಕಬ್ಬಿಣವನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತವೆ. ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಹೊತ್ತು ಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕೋಶಗಳಿಗೆ ತಲುಪಿಸುತ್ತದೆ. ಆ ಕೋಶಗಳು ಹಿಮೋಗ್ಲೋಬಿನ್ ತುಂಬಿಕೊಂಡು ಬಲಿತು ಹೊರಬರಲು ಹಲವು ದಿನಗಳು ಬೇಕು. ಹೊರಬಂದ ಎಳೆಯ ಕೆಂಪು ಕಣಗಳನ್ನು ರೆಟಿಕ್ಯುಲೊಸೈಟ್ ಎನ್ನುತ್ತೇವೆ. ಅವುಗಳ ಸಂಖ್ಯೆ ಏರಿದ್ದು ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಕಾಣುತ್ತದೆ. ಇಟ್ಟಿಗೆ ಬಂದಿಳಿದ ಸಂಜೆಯೇ ಮನೆಯ ಚಾವಣಿಯನ್ನು ಯಾರೂ ಹುಡುಕುವುದಿಲ್ಲ.

ಲೆಕ್ಕ ಹಾಕಿ ತೋರಿಸಿದರೆ ಹಲವರಿಗೆ ಸಮಾಧಾನವಾಗುತ್ತದೆ, ಆದ್ದರಿಂದ ಅದನ್ನೂ ಹೇಳುತ್ತೇನೆ. 50 ಕಿಲೋ ತೂಕದವರ ದೇಹದಲ್ಲಿ ಸುಮಾರು ಮೂರೂವರೆ ಲೀಟರ್ ರಕ್ತವಿರುತ್ತದೆ. ಪ್ರತಿ 100 ಮಿಲಿಲೀಟರಿಗೆ 1 ಗ್ರಾಂ ಹಿಮೋಗ್ಲೋಬಿನ್ ಏರಬೇಕಾದರೆ, ಒಟ್ಟು 35 ಗ್ರಾಂನಷ್ಟು ಹೊಸ ಹಿಮೋಗ್ಲೋಬಿನ್ ತಯಾರಾಗಬೇಕು. ಆರೋಗ್ಯವಂತರ ಮಜ್ಜೆಯು ದಿನವೊಂದಕ್ಕೆ ಒಟ್ಟು ಹಿಮೋಗ್ಲೋಬಿನ್ನಿನ ನೂರರಲ್ಲಿ ಒಂದು ಪಾಲನ್ನು, ಅಂದರೆ ಈ ತೂಕದವರಲ್ಲಿ ಸರಿಸುಮಾರು 5 ಗ್ರಾಂನಷ್ಟನ್ನು ಹೊಸದಾಗಿ ತಯಾರಿಸುತ್ತದೆ. ಅಷ್ಟೇ ಪ್ರಮಾಣದ ಹಳೆಯ ಕಣಗಳು 120 ದಿನಗಳ ಆಯುಷ್ಯ ಮುಗಿಸಿ ನಾಶವಾಗುತ್ತಿರುತ್ತವೆ. ಕಬ್ಬಿಣ ಸಿಕ್ಕ ಮಜ್ಜೆ ಎರಡು ಪಟ್ಟು ದುಡಿದರೂ, ಈ ನಷ್ಟವನ್ನು ಕಳೆದು ಒಂದು ಗ್ರಾಂ ಏರಿಕೆ ಕಾಣಲು ಒಂದು ವಾರವಾದರೂ ಹಿಡಿಯುತ್ತದೆ, ಮತ್ತು ಆ ವಾರದ ಎಣಿಕೆ ಆರಂಭವಾಗುವುದು ಹೊಸ ಕಣಗಳು ಮಜ್ಜೆಯಿಂದ ಹೊರಬಂದ ಮೇಲೆ. ಮೂರನೆಯ ದಿನದ ಅಂಕಿಗೆ ಅರ್ಥವಿಲ್ಲ ಎನ್ನುವುದು ಇದಕ್ಕಾಗಿಯೇ. 8ರಿಂದ 7.8ಕ್ಕೆ ಇಳಿದಂತೆ ಕಂಡದ್ದು, ರಕ್ತಸ್ರಾವವಿಲ್ಲದವರಲ್ಲಿ, ಬಹುತೇಕ ದೇಹದ ನೀರಿನ ಪ್ರಮಾಣದ ಮತ್ತು ಯಂತ್ರದ ಸಹಜ ಏರಿಳಿತವಷ್ಟೇ.

ಹಿಂದೊಮ್ಮೆ ರಕ್ತ ಹಾಕಿಸಿಕೊಂಡವರಿಗೆ ಇದನ್ನು ನಂಬುವುದು ಇನ್ನೂ ಕಷ್ಟ. ಒಂದು ಯೂನಿಟ್ ಕೆಂಪು ರಕ್ತಕಣ ಕೊಟ್ಟರೆ ಹಿಮೋಗ್ಲೋಬಿನ್ ಅಂದೇ ಸುಮಾರು 1 ಗ್ರಾಂ ಏರುತ್ತದೆ, ಏಕೆಂದರೆ ಬೇರೊಬ್ಬರ ಮಜ್ಜೆ ತಯಾರಿಸಿಟ್ಟ ಕಣಗಳೇ ಒಳಗೆ ಹೋಗಿರುತ್ತವೆ. ಆದರೆ ಆ ಒಂದು ಯೂನಿಟ್ಟಿನಲ್ಲಿರುವ ಕಬ್ಬಿಣ 200ರಿಂದ 250 ಮಿಲಿಗ್ರಾಂ ಮಾತ್ರ. ಅದೇ 50 ಕಿಲೋ ತೂಕದವರ ಹಿಮೋಗ್ಲೋಬಿನ್ 8 ಇದ್ದರೆ, ರೂಢಿಯ ಸೂತ್ರದಂತೆ ಅವರಿಗೆ ಬೇಕಾದದ್ದು 1,300 ಮಿಲಿಗ್ರಾಂಗೂ ಹೆಚ್ಚು. ಎದೆನೋವು, ಕುಳಿತಲ್ಲೇ ಏದುಸಿರು, ನಿಲ್ಲದ ರಕ್ತಸ್ರಾವ ಇದ್ದಾಗ ರಕ್ತಕ್ಕಾಗಿ ತಡಮಾಡಬಾರದು. ಅವೊಂದೂ ಇಲ್ಲದೆ ಕೇವಲ ಅಂಕಿಯ ಆತುರಕ್ಕೆ ರಕ್ತ ಕೇಳುವವರಿಗೆ ನಾನು ಒಪ್ಪುವುದಿಲ್ಲ.

ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಈ ಆತುರ ತಿರುಗಿ ಕುಳಿತು ಹೆದರಿಸುತ್ತದೆ. ಡ್ರಿಪ್ ಆದ ಮೊದಲ ವಾರಗಳಲ್ಲಿ ಫೆರಿಟಿನ್ ಬಹಳ ಮೇಲಕ್ಕೆ ಹಾರುತ್ತದೆ; ರಕ್ತದಲ್ಲಿ ಇನ್ನೂ ಸುತ್ತುತ್ತಿರುವ ಔಷಧದ ಕಬ್ಬಿಣವನ್ನೇ ಯಂತ್ರ ಅಳೆದುಬಿಡುವುದರಿಂದ ಮೊದಲ ದಿನಗಳಲ್ಲಿ ಸೀರಮ್ ಕಬ್ಬಿಣದ ಅಂಕಿಯೂ ನಂಬಲರ್ಹವಲ್ಲ. ದೇಹದಲ್ಲಿ ಕಬ್ಬಿಣ ವಿಷವಾಗುವಷ್ಟು ತುಂಬಿತೆಂದು ಭಯಪಟ್ಟು, ಬಾಕಿ ಉಳಿದ ಡೋಸನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ. ಹಿಮೋಗ್ಲೋಬಿನ್ನಿಗೆ ನಾಲ್ಕು ವಾರ, ಫೆರಿಟಿನ್ನಿಗೆ ನಾಲ್ಕರಿಂದ ಎಂಟು ವಾರ ಕಾಯುವುದು ಸಾಮಾನ್ಯವಾಗಿ ಸರಿಯಾದ ಕ್ರಮ. ರಕ್ತಸ್ರಾವ ಮುಂದುವರಿದಿರುವವರಿಗೂ ಶಸ್ತ್ರಚಿಕಿತ್ಸೆ ಹತ್ತಿರವಿರುವವರಿಗೂ ವೈದ್ಯರು ಇನ್ನೂ ಬೇಗ ಪರೀಕ್ಷೆ ಹೇಳಬಹುದು. ಆ ಮಾತನ್ನು ಮೀರಬೇಡಿ.

ಸರಿಯಾದ ಸಮಯಕ್ಕೆ ಮಾಡಿಸಿದ ಪರೀಕ್ಷೆ ಎಷ್ಟು ಹೇಳಬಲ್ಲದು ಎಂಬುದಕ್ಕೆ ಹಿರಿಯ ಶಿಕ್ಷಕಿಯೊಬ್ಬರ ನೋಟ್‌ಪುಸ್ತಕ ನೆನಪಾಗುತ್ತದೆ. ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದ ಅವರಿಗೆ ಡ್ರಿಪ್ ಕೊಡುವಾಗಲೇ, ರಕ್ತ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ಜಠರವನ್ನೂ ದೊಡ್ಡ ಕರುಳನ್ನೂ ಕೊಳವೆ ಹಾಕಿ ನೋಡುವ ಎಂಡೋಸ್ಕೋಪಿ ಮತ್ತು ಕೊಲೊನೋಸ್ಕೋಪಿ ಆಗಬೇಕೆಂದು ಹೇಳಿದ್ದೆ. ಅಂಕಿ 12ಕ್ಕೆ ಏರಿದ ಸಂತೋಷದಲ್ಲಿ ಅವರು ಅದನ್ನು ಮುಂದೂಡಿದರು. ಆದರೆ ಪ್ರತಿ ಪರೀಕ್ಷೆಯ ಅಂಕಿಯನ್ನೂ ತಾರೀಖಿನೊಂದಿಗೆ, ಗೆರೆ ಎಳೆದ ಅಂಕಣಗಳಲ್ಲಿ, ಮುದ್ದಾದ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಏರಿದ ಹಿಮೋಗ್ಲೋಬಿನ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುವುದು, ಅದಕ್ಕೂ ಮೊದಲೇ ಫೆರಿಟಿನ್ ಬರಿದಾಗುತ್ತಿರುವುದು ಆ ಪುಟದಲ್ಲಿ ಸ್ಪಷ್ಟವಾಗಿತ್ತು. ಈ ಸಲ ಪುಸ್ತಕವನ್ನು ತೋರಿಸಿಯೇ ಒಪ್ಪಿಸಿದೆ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆಯಿತ್ತು; ಆ ಭಾಗದ ಗಡ್ಡೆಗಳಿಂದ ಒಸರುವ ರಕ್ತ ಮಲದಲ್ಲಿ ಕಣ್ಣಿಗೆ ಕಾಣದೇ ಇರಬಹುದು. ಶಸ್ತ್ರಚಿಕಿತ್ಸೆಯಾಗಿ ಅವರು ಚೇತರಿಸಿಕೊಂಡರು.

ನಾಲ್ಕು ವಾರಗಳಾದರೂ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಆಗ ಬಂದು ಪ್ರಶ್ನಿಸಿ. ರಕ್ತ ಸೋರುತ್ತಿರಬಹುದು, ಬಿ12 ಜೀವಸತ್ವದ ಕೊರತೆ ಜೊತೆಗಿರಬಹುದು, ಒಳಗೊಳಗೇ ಉರಿಯೂತವಿರಬಹುದು, ಅಥವಾ ಕಣಗಳು ಸಣ್ಣಗಿರಲು ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷವಾದ ಥಲಸ್ಸೀಮಿಯಾದ ವಾಹಕತೆ ಕಾರಣವಾಗಿದ್ದು ಕಬ್ಬಿಣದ ಕೊರತೆಯೇ ಇಲ್ಲದಿರಬಹುದು. ಇವುಗಳಲ್ಲಿ ಯಾವುದಕ್ಕೂ ಇನ್ನೊಂದು ಬಾಟಲಿ ಉತ್ತರವಲ್ಲ. ಬರುವಾಗ ಡ್ರಿಪ್ಪಿನ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಾರೀಖು ಎಂದು ಬರೆದ ಚೀಟಿಯನ್ನು ತಪ್ಪದೆ ತನ್ನಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಡ್ರಿಪ್ ಔಷಧವನ್ನು ಮತ್ತೆ ಮತ್ತೆ ಪಡೆದವರಲ್ಲಿ ರಕ್ತದ ಫಾಸ್ಫೇಟ್ ಇಳಿದು ಸುಸ್ತು, ಮೂಳೆನೋವು ಬರಬಹುದಾದ್ದರಿಂದ, ಅಂಥ ದೂರಿದ್ದಾಗ ಯಾವ ಔಷಧ ಒಳಗೆ ಹೋಗಿದೆ ಎಂದು ತಿಳಿಯದೆ ಮುಂದಿನ ಡೋಸ್ ಬರೆಯಲಾಗುವುದಿಲ್ಲ.